ಭಾವನ ಕಾರಿಗೆ ಕಬ್ಬಿಣದ ಮೌಂಟು

ನನ್ನ ಭಾವ ಗ್ರಂಥಾಲಯದಲ್ಲಿ ಗುಮಾಸ್ತ. ದಿನಕ್ಕೆ ಎಂಟು ಗಂಟೆ ಓದುಗರಿಗೆ 'ಶ್' ಅನ್ನುವುದಕ್ಕೆ ಅವರಿಗೆ ಸಂಬಳ. ಕುರ್ಚಿ ಎಳೆದರೆ ಶ್, ಕೆಮ್ಮಿದರೆ ಶ್, ಪುಟ ಜೋರಾಗಿ ತಿರುವಿದರೂ ಶ್. ಹದಿನಾರು ವರ್ಷ ಹೀಗೆ ಅದುಮಿಟ್ಟ ಸದ್ದೆಲ್ಲ ಒಂದು ದಿನ ಎಲ್ಲಾದರೂ ಹೊರಗೆ ಬರಲೇಬೇಕಿತ್ತು. ಬಂತು, ಕಾರಿನ ರೂಪದಲ್ಲಿ.

ಹಳೆಯ ಕಾರೇ. ಆದರೆ ಅದರ ಹಿಂದಿನ ಮಾಲೀಕ ರೇಸಿಗೆಂದು ಎಂಜಿನ್ನನ್ನು ಬಿಚ್ಚಿ ತಿದ್ದಿ ಅದರ ಬಲವನ್ನು ಹೆಚ್ಚುಕಮ್ಮಿ ಎರಡರಷ್ಟು ಮಾಡಿಸಿದ್ದ. ಹಿಂಬದಿಗೆ ಮಣಿಕಟ್ಟಿನಷ್ಟು ದಪ್ಪದ ಕಬ್ಬಿಣದ ಗಾರ್ಡು ಬೆಸೆಸಿದ್ದ. ಆಮೇಲೆ ಮದುವೆಯಾಗಿ, ಬುದ್ಧಿ ಬಂದು, ಭಾವನಿಗೆ ಮಾರಿದ. ಮಾರುವಾಗ ಅವರ ಕಿವಿಗೆ ಒಂದೇ ಒಂದು ಮಾತು ಹಾಕಿದ್ದ: ಟಾರ್ಕು. ಎಂಜಿನ್ನು ಚಕ್ರವನ್ನು ತಿರುಗಿಸುವ ಬಲಕ್ಕೆ ಹಾಗೆನ್ನುತ್ತಾರೆ. ಅಂದಿನಿಂದ ಭಾವನಿಗೆ ಮಿಕ್ಸಿಯಲ್ಲಿ ಟಾರ್ಕು ಪರವಾಗಿಲ್ಲ, ಅಕ್ಕನ ಹೊಲಿಗೆ ಮೆಷಿನ್ನಿನಲ್ಲಿ ಟಾರ್ಕು ಸಾಲದು, ಎರಡನೇ ಮಹಡಿಯ ಹೆಡ್‌ಮಾಸ್ತರ ನಡಿಗೆಯಲ್ಲಂತೂ ಟಾರ್ಕೇ ಇಲ್ಲ.

ನಾನು ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಅಕ್ಕ-ಭಾವನ ಜೊತೆಗೇ ವಾಸ. ಮನೆ ಮೂರು ಮಹಡಿಯ ಹಳೆಯ ಕಟ್ಟಡದ ನೆಲಮಟ್ಟದಲ್ಲಿ. ಅಕ್ಕ ಹತ್ತು ವರ್ಷ ಬೇರೆಯವರ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಕಾಜ ಹೊಲಿದವಳು. ಈಗ ಎರಡು ತಿಂಗಳ ಹಿಂದೆ ಮನೆಯ ಮುಂದಿನ ರೂಮಿನಲ್ಲಿ ಮೂರು ಮೆಷಿನ್ನು ಹಾಕಿ ಸ್ವಂತ ಕೆಲಸ ಶುರು ಮಾಡಿದ್ದಳು. ಒಂದು ಆಸ್ಪತ್ರೆಯವರು ಇನ್ನೂರು ಏಪ್ರನ್ನು ಹೊಲಿಯಲು ಕೊಟ್ಟಿದ್ದರು, ಮುಂದಿನ ಸೋಮವಾರ ಬೆಳಗ್ಗೆಯೊಳಗೆ. ಹೇಳಿದ ಹೊತ್ತಿಗೆ ಕೊಟ್ಟರೆ ವರ್ಷವಿಡೀ ಕೆಲಸ. ತಪ್ಪಿದರೆ ಮತ್ತೆ ಸ್ಟೂಲು, ಮತ್ತೆ ಕಾಜ. ಈ ಇಡೀ ಪ್ರಕರಣದಲ್ಲಿ ತಲೆ ನೆಟ್ಟಗಿದ್ದವಳು ಅವಳೊಬ್ಬಳೇ. ಅದಕ್ಕೇ ಇರಬೇಕು, ಅವಳ ಮಾತನ್ನು ಯಾರೂ ಕೇಳಲಿಲ್ಲ.

ಈಗ ಮೌಂಟಿನ ವಿಷಯ. ಎಂಜಿನ್ನನ್ನು ಕಾರಿಗೆ ನೇರವಾಗಿ ಬಿಗಿದಿರುವುದಿಲ್ಲ. ನಡುವೆ ಕಬ್ಬಿಣಕ್ಕೆ ರಬ್ಬರು ಸೇರಿಸಿ ಮಾಡಿದ ಮೂರು ದಿಂಬಿನಂಥವು ಇರುತ್ತವೆ, ಅವೇ ಮೌಂಟು. ಆಕ್ಸಿಲರೇಟರ್ ತುಳಿದಾಗ ಎಂಜಿನ್ನು ಮಗ್ಗುಲು ಹೊರಳಲು ನೋಡುತ್ತದೆ, ರಬ್ಬರು ಹಿಡಿದುಕೊಳ್ಳುತ್ತದೆ. ಮನುಷ್ಯರು ಓಡಿಸುವ ಹಾಗೆ ಓಡಿಸಿದರೆ ವರ್ಷಗಟ್ಟಲೆ ಹಿಡಿದುಕೊಳ್ಳುತ್ತದೆ. ಭಾವ ಸಿಗ್ನಲ್ಲಿನಲ್ಲಿ ಹಸಿರು ಬಂದ ಕೂಡಲೇ ಹದಿನಾರು ವರ್ಷದ ಮೌನವನ್ನೆಲ್ಲ ಬಲಗಾಲಿಗೆ ಇಳಿಸಿ ತುಳಿಯುತ್ತಿದ್ದರು. ಮೊದಲನೇ ಮೌಂಟು ಎರಡು ತಿಂಗಳಿಗೆ ಹರಿಯಿತು. ಎರಡನೆಯದು ಮೂರು ವಾರಕ್ಕೆ, ಅದೂ ಗ್ರಂಥಾಲಯದ ಗೇಟಿನ ಎದುರಿಗೇ, ಬಾನೆಟ್ಟಿನೊಳಗೆ ಯಾರೋ ಮಂಚದಿಂದ ಬಿದ್ದ ಹಾಗೆ ಧಡ್ ಎಂದು. ಒಳಗಿಂದ ಓದುಗರೊಬ್ಬರು ಬಂದು ಭಾವನಿಗೆ ಶ್ ಅಂದು ಹೋದರಂತೆ.

ನಮ್ಮ ಗ್ಯಾರೇಜಿನ ಮೇಸ್ತ್ರಿ ಕಾರಿನ ಕೆಳಗೆ ಮಲಗಿ ನೋಡಿ, ಮಲಗಿದ್ದಲ್ಲಿಂದಲೇ ಹೇಳಿದರು. ಎಂಜಿನ್ ಎಣ್ಣೆ ಸೋರಿ ರಬ್ಬರಿನ ಮೇಲೆ ಬಿದ್ದು ಅದನ್ನು ಕೊಳೆಸುತ್ತಿದೆ, ಮೊದಲು ಸೋರಿಕೆ ನಿಲ್ಲಿಸಬೇಕು. ಒಂದೊಂದೇ ಬದಲಾಯಿಸಿದರೆ ಹೊಸದರ ಮೇಲೆ ಎಲ್ಲ ಭಾರ ಬೀಳುತ್ತದೆ, ಮೂರನ್ನೂ ಒಟ್ಟಿಗೆ ಹಾಕಬೇಕು, ಸ್ವಲ್ಪ ಗಟ್ಟಿ ರಬ್ಬರಿನದು. ಕಾರು ನೆಲದ ಮೇಲೆ ನಿಂತು ಎಂಜಿನ್ನು ತನ್ನ ಜಾಗಕ್ಕೆ ಕೂತ ಮೇಲೆಯೇ ಬೋಲ್ಟು ಬಿಗಿಯಬೇಕು. "ಇನ್ನೊಂದು ಇದೆ," ಅಂದರು, "ನಿನ್ನ ಭಾವನ ಬಲಗಾಲು. ಅದನ್ನ ಬಿಗಿಯೋ ಸ್ಪ್ಯಾನರ್ ನನ್ನ ಹತ್ರ ಇಲ್ಲ." ಇಷ್ಟು ಹೇಳಿ ಕಣ್ಣಿನ ಆಪರೇಷನ್ ಮಾಡಿಸಿಕೊಳ್ಳಲು ಹೋದರು. ಹತ್ತು ದಿನ ಬಗ್ಗಬಾರದು, ಮನೆಯಲ್ಲೇ ಇರಬೇಕು ಎಂದು ಡಾಕ್ಟರು ಹೇಳಿದ್ದರು.

ಅವರು ಹೇಳಿದಷ್ಟನ್ನು ಮಾಡಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ಆ ಸಂಜೆ ಕಟ್ಟಡದ ಅಂಗಳದಲ್ಲಿ ಹೆಡ್‌ಮಾಸ್ತರು ಎದುರಾದರು. ನಾನು ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟು ಬಂದದ್ದು ಅವರ ಶಾಲೆಯನ್ನೇ. ಅವರು ನಿವೃತ್ತರಾಗಿ ಆರು ವರ್ಷವಾದರೂ ಅವರ ಲೆಕ್ಕದಲ್ಲಿ ನಾನಿನ್ನೂ ಗೈರುಹಾಜರಿ. ಎಳೆದು ತಂದ ಕಾರನ್ನು ನೋಡಿ, ಮೂರನೇ ಮಹಡಿಯ ಅಜ್ಜಿಗೂ ಕೇಳುವ ಹಾಗೆ, "ಯಾವುದನ್ನೂ ಪೂರ್ತಿ ಮಾಡೋ ಅಭ್ಯಾಸ ನಿನಗೆ ಮೊದಲಿಂದಲೂ ಇಲ್ಲ," ಅಂದರು. ನನ್ನ ಕಿವಿ ಬಿಸಿಯಾಯಿತು. ಇನ್ನು ಈ ಕಾರಿನ ಮೌಂಟು ಮುರಿದರೆ ಜನ್ಮದಲ್ಲಿ ಸ್ಪ್ಯಾನರ್ ಮುಟ್ಟುವುದಿಲ್ಲ ಎಂದು ನಾಲ್ಕು ಜನರ ಎದುರಿಗೆ ಹೇಳಿಬಿಟ್ಟೆ.

ಹೇಳಿದ ಮೇಲೆ ಯೋಚಿಸಿದೆ. ಮುರಿಯುವುದು ಯಾವುದು? ರಬ್ಬರು. ರಬ್ಬರೇ ಇಲ್ಲದಿದ್ದರೆ ಮುರಿಯುವುದೇನು? ಇಷ್ಟು ಸರಳವಾದದ್ದು ದೊಡ್ಡ ದೊಡ್ಡ ಕಾರು ಕಾರ್ಖಾನೆಗಳಿಗೆ ಹೊಳೆಯದೆ ಹೋಯಿತಲ್ಲ ಎಂದು ಅವರ ಮೇಲೆ ಮರುಕ ಹುಟ್ಟಿತು. ಲೇತ್ ಅಂಗಡಿಗೆ ಹೋಗಿ ಗಟ್ಟಿ ಕಬ್ಬಿಣದಲ್ಲಿ ಮೂರು ಮೌಂಟು ಕಡೆಸಿದೆ. ಲೇತಿನವನು ಲಾರಿಗಾ ಎಂದು ಕೇಳಿದ. ಕಾರಿಗೆ ಅಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಮತ್ತೇನೂ ಕೇಳದೆ ಯಂತ್ರ ಚಾಲೂ ಮಾಡಿದ. ಕೇಳಿದ್ದರೆ ಚೆನ್ನಾಗಿತ್ತು.

ಭಾನುವಾರ ಜೋಡಿಸಿ ಸಂಜೆ ಸವಾರಿ ಹೊರಟೆವು. ಸ್ಟೇರಿಂಗ್ ಹಿಡಿದ ಕೈ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಹಿಂದೆ ಬರುತ್ತಿದ್ದ ಒಂದು ಸ್ಕೂಟರು ಕನ್ನಡಿಯಲ್ಲಿ ಮೂರಾಗಿ ಕಾಣುತ್ತಿತ್ತು. ಭಾವನ ಕನ್ನಡಕ ತಾನಾಗಿ ಮೂಗಿನ ತುದಿಗೆ ನಡೆದು ಬರುವುದು, ಅವರು ಹಿಂದಕ್ಕೆ ತಳ್ಳುವುದು, ಅದು ಮತ್ತೆ ಹೊರಡುವುದು. ಭಾವ ಕಣ್ಣಲ್ಲಿ ನೀರು ತುಂಬಿಕೊಂಡು, ಅಕ್ಷರ ಅಕ್ಷರಕ್ಕೂ ನಡುಗುವ ದನಿಯಲ್ಲಿ, ಟಾರ್ಕು ಅಂದರೆ ಇದು ಕಣೋ, ಇಷ್ಟು ದಿನ ಆ ರಬ್ಬರು ನುಂಗಿ ಹಾಕುತ್ತಿತ್ತು ಅಂದರು. ಮೂರು ಸಿಗ್ನಲ್ಲಿನಲ್ಲಿ ಮೂರು ಸಲ ತುಳಿದರು. ಮೌಂಟು ಮಿಸುಕಲಿಲ್ಲ.

ಭಾವನದೊಂದು ಪದ್ಧತಿ ಇದೆ. ಬೆಳಗ್ಗೆ ಏಳೂವರೆಗೆ ಎಂಜಿನ್ ಚಾಲೂ ಮಾಡಿ, ಅದು ಬಿಸಿಯಾಗಲಿ ಎಂದು ಹತ್ತು ನಿಮಿಷ ಬಿಟ್ಟು, ಒಳಗೆ ಬಂದು ತಲೆ ಬಾಚಿಕೊಳ್ಳುತ್ತಾರೆ. ಸೋಮವಾರ ಏಳೂವರೆಗೆ ನಾನು ಹಲ್ಲುಜ್ಜುತ್ತಿದ್ದೆ. ನಲ್ಲಿ ಗೊಣಗಿತು. ನೀರು ಬರುವ ಮುಂಚಿನ ಗೊರಗೊರ ಅಲ್ಲ. ಎಲ್ಲೋ ಆಳದಿಂದ ಬಂದ, ನಿಲ್ಲದ ಗುಂಯ್. ಅಡುಗೆಮನೆಯಲ್ಲಿ ತಟ್ಟೆಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಅಂದವು. ಮೇಲೆ ಹೆಡ್‌ಮಾಸ್ತರ ಮನೆಯಲ್ಲಿ ಪಾತ್ರೆ ಬಿತ್ತು. ಮೂರನೇ ಮಹಡಿಯ ಅಜ್ಜಿ ಲೋಟದ ನೀರಿನಲ್ಲಿ ತೆಗೆದಿಟ್ಟಿದ್ದ ಹಲ್ಲಿನ ಸೆಟ್ಟು ಲೋಟದ ಸಮೇತ ಅಡುಗೆಕಟ್ಟೆಯ ಉದ್ದಕ್ಕೂ ನಡೆದು ಬಂದು, ಅಂಚಿನಲ್ಲಿ ನಿಂತು, ಅವರನ್ನೇ ನೋಡುತ್ತ ಹಲ್ಲು ಕಡಿಯಿತಂತೆ. ಇದನ್ನು ಅವರು ಮನೆಮನೆಗೂ ಬೊಚ್ಚುಬಾಯಲ್ಲೇ ಬಂದು ಹೇಳಿದರು. ಮತ್ತೆ ಆ ಹಲ್ಲು ಹಾಕಿಕೊಳ್ಳಲು ಅವರಿಗೆ ಧೈರ್ಯ ಬಂದಿರಲಿಲ್ಲ.

ಭಾವ ಕೆಲಸಕ್ಕೆ ಹೊರಟರು, ಗುಂಯ್ ನಿಂತಿತು. ಕಾರಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಮೂರು ತಿಂಗಳಿಂದ ಅದೇ ಕಾರು ಅದೇ ಜಾಗದಲ್ಲಿ ಅದೇ ಹೊತ್ತಿಗೆ ಗುಡುಗುತ್ತಿದೆ, ಒಂದು ದಿನವೂ ನಲ್ಲಿ ಮಾತಾಡಿರಲಿಲ್ಲ. ನನಗೆ ಮಾತ್ರ ಬಾಯಲ್ಲಿದ್ದ ಪೇಸ್ಟು ಕಹಿಯಾಯಿತು. ಆದರೆ ಹೇಳುವುದಾದರೆ ಹೆಡ್‌ಮಾಸ್ತರ ಎದುರಿಗೆ ಹೇಳಬೇಕು. ನಾಳೆ ತಾನಾಗಿ ನಿಲ್ಲಬಹುದು ಅಂದುಕೊಂಡು ಗ್ಯಾರೇಜಿಗೆ ಹೋದೆ.

ಮಂಗಳವಾರ ಇನ್ನೂ ಜೋರಾಗಿ ಬಂತು. ಮೆಟ್ಟಿಲ ಮೇಲೆ ಸಭೆ ಸೇರಿತು. ಕೆಳಗೆ ಭೂಮಿ ಸರಿಯುತ್ತಿದೆ ಎಂದು ಅಜ್ಜಿ. ತಳಪಾಯ ಕುಸಿಯುತ್ತಿದೆ ಎಂದು ಹೆಡ್‌ಮಾಸ್ತರು. ಅಕ್ಕ ಬಾಗಿಲಲ್ಲಿ ನಿಂತು, "ಭಾನುವಾರ ಇಲ್ಲದ್ದು ಸೋಮವಾರ ಬಂತು ಅಂದ್ರೆ ಮಧ್ಯೆ ಏನು ಬದಲಾಗಿದೆ ಅಂತ ನೋಡಿ," ಅಂದಳು. ನಾನು ಆಗಲೇ ನನ್ನ ಚಪ್ಪಲಿಯ ಬಾರಿನಲ್ಲಿ ಏನೋ ದೋಷ ಕಂಡು ಬಗ್ಗಿ ನೋಡುತ್ತ ಕೂತೆ. ಹೆಡ್‌ಮಾಸ್ತರು ಅವಳನ್ನು ಕೈಯೆತ್ತಿ ಸುಮ್ಮನಿರಿಸಿ, ನಗರಸಭೆಗೆ ಏಳು ಅಂಶಗಳ ಪತ್ರ ಬರೆದರು. ಏಳರ ಕೆಳಗೂ ಸ್ಕೇಲು ಇಟ್ಟು ಗೆರೆ ಎಳೆದಿದ್ದರು.

ನಗರಸಭೆಯ ಇಂಜಿನಿಯರ್ ಬುಧವಾರ ಹನ್ನೊಂದಕ್ಕೆ ಬಂದರು. ಕಟ್ಟಡ ಮಿಕಮಿಕ ನೋಡುತ್ತ ಸುಮ್ಮನಿತ್ತು. ಅವರು ನಾನು ಹುಟ್ಟುವ ಮುಂಚಿನದೊಂದು ಬಿರುಕನ್ನು ಅಳೆದುಕೊಂಡು ಹೋದರು. ಗುರುವಾರ ಏಳೂಕಾಲಿಗೇ ಬಂದು ಹೆಡ್‌ಮಾಸ್ತರ ಅಡುಗೆಮನೆಯ ಗೋಡೆಗೆ ಕಿವಿಯಿಟ್ಟು ನಿಂತರು. ಏಳೂವರೆಗೆ ಕೆಳಗೆ ಭಾವ ಕೀ ತಿರುಗಿಸಿ ತಲೆ ಬಾಚಲು ಒಳಗೆ ಬಂದರು. ಇಂಜಿನಿಯರ್ ಆಮೇಲೆ ಎಲ್ಲಿ ಹೋದರು ಎಂದು ಹುಡುಕಿದರೆ ರಸ್ತೆಯ ಆಚೆ ಬದಿಯಲ್ಲಿ, ತಮ್ಮ ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆಯುತ್ತಿದ್ದರು. ಕಟ್ಟಡ ವಾಸಕ್ಕೆ ಯೋಗ್ಯವಲ್ಲ, ಶನಿವಾರ ಬೆಳಗ್ಗೆ ಹತ್ತಕ್ಕೆ ಎಲ್ಲರೂ ಖಾಲಿ ಮಾಡಬೇಕು, ನೀರು ಕರೆಂಟು ಕಡಿಯಲಾಗುವುದು. ಅಂಟಿಸುವ ನೋಟೀಸನ್ನು ಶನಿವಾರ ಖುದ್ದು ತರುತ್ತೇನೆ, ರಿಜಿಸ್ಟರಿನಲ್ಲಿ ನಂಬರು ಹಾಕಿಸಬೇಕು ಅಂದರು.

ಅಕ್ಕ ಸ್ಕ್ರೂಡ್ರೈವರ್ ತಗೊಂಡು ಮೆಷಿನ್ನುಗಳನ್ನು ಸ್ಟ್ಯಾಂಡಿನಿಂದ ಬಿಚ್ಚಲು ಕೂತಳು. ನೂರಹತ್ತು ಏಪ್ರನ್ನು ಮುಗಿದಿತ್ತು, ತೊಂಬತ್ತು ಕತ್ತರಿಸಿದ ಬಟ್ಟೆಯಾಗಿ ಮೂಲೆಯಲ್ಲಿತ್ತು. ಸುದ್ದಿ ಎಷ್ಟು ಬೇಗ ಹರಡಿತೆಂದರೆ ಹಳೆಯ ಅಂಗಡಿಯವನು ಸಂಜೆಯೊಳಗೆ ಹೇಳಿ ಕಳಿಸಿದ, ಅವಳ ಸ್ಟೂಲು ಇನ್ನೂ ಖಾಲಿ ಇದೆ ಎಂದು.

ರಾತ್ರಿ ಭಾವನನ್ನು ಅಂಗಳಕ್ಕೆ ಕರೆದು ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ ಸಮಾಧಾನವಾಗಿ ಕೇಳಿದರು. "ಕಾರು ನಿಂತಿರೋದು ಯಾವುದರ ಮೇಲೋ? ನಾಲ್ಕು ಟೈರಿನ ಮೇಲೆ. ಟೈರು ಯಾವುದರದ್ದು? ರಬ್ಬರಿಂದು. ರಬ್ಬರ್ ದಾಟಿ ನಡುಕ ನೆಲಕ್ಕೆ ಹೆಂಗೆ ಹೋಗುತ್ತೆ? ನೀನೇ ಹೇಳು." ಭಾವ ಸರಿಯಾಗಿ ಮಾತಾಡುವುದೇ ಅಪರೂಪ. ಅದು ಇಂಥ ಹೊತ್ತಿನಲ್ಲೇ ಆಗಬೇಕಿತ್ತು. ಅಕ್ಕನ ಸ್ಟ್ಯಾಂಡುಗಳನ್ನು ಇಡಲು ಜಾಗ ಬೇಕೆಂದು ಕಾರನ್ನು ನಾಲ್ಕು ಅಡಿ ಮುಂದಕ್ಕೆ ತೆಗೆದು, ಗೋಡೆಗೂ ಕಾರಿಗೂ ನಡುವೆ ಅವನ್ನು ಜೋಡಿಸಿ ಇಬ್ಬರೂ ಮಲಗಿದೆವು. ನಾನು ಮಲಗಿದೆ ಅಷ್ಟೆ, ನಿದ್ದೆ ಬಂದದ್ದು ಭಾವನಿಗೆ.

ಶುಕ್ರವಾರ ಬೆಳಗ್ಗೆ ಎಲ್ಲರೂ ರಸ್ತೆಯಾಚೆ ಗಂಟುಮೂಟೆ ಇಟ್ಟುಕೊಂಡು ನಿಂತಿದ್ದಾಗ, ಇನ್ನೊಮ್ಮೆ ನೋಡಲು ಬಂದಿದ್ದ ಇಂಜಿನಿಯರ ಎದುರಿಗೆ ಹೋಗಿ, ಕಟ್ಟಡ ಸರಿಯಾಗಿದೆ ಸಾರ್, ನಡುಗುವುದು ನಮ್ಮ ಭಾವನ ಕಾರು, ಮೌಂಟು ಕಬ್ಬಿಣದ್ದು, ಹಾಕಿದವನು ನಾನು ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಎಲ್ಲೀವರೆಗೆ ಓದಿದ್ದೀಯ ಎಂದು ಕೇಳಿದರು. ನನಗಿಂತ ಮುಂಚೆ ಹೆಡ್‌ಮಾಸ್ತರು ಉತ್ತರ ಕೊಟ್ಟರು.

ತೋರಿಸಿಯೇ ಬಿಡುತ್ತೇನೆ ಎಂದೆ. ಅಜ್ಜಿ ತಮ್ಮ ಹಲ್ಲಿನ ಲೋಟವನ್ನು ಪರೀಕ್ಷೆಗೆ ದಾನ ಮಾಡಿದರು. ಅದನ್ನು ನಮ್ಮ ಅಡುಗೆಕಟ್ಟೆಯ ಮೇಲಿಟ್ಟೆ. ಇಂಜಿನಿಯರ್ ಗೇಟಿನಲ್ಲಿ, ಒಂದು ಕಾಲು ರಸ್ತೆಯಲ್ಲಿಟ್ಟು ನಿಂತರು. ಭಾವ ಕೀ ತಿರುಗಿಸಿದರು. ಎಂಜಿನ್ನು ಗುಡುಗಿತು, ಕಾರಿನ ಬಾಗಿಲುಗಳು ಗಡಗಡ ಅಂದವು. ನಾನು ಅಡುಗೆಮನೆಗೆ ಓಡಿದೆ. ನಲ್ಲಿ ಸುಮ್ಮನಿತ್ತು. ತಟ್ಟೆಗಳು ಸುಮ್ಮನಿದ್ದವು. ಲೋಟದ ನೀರಿನಲ್ಲಿ ಒಂದು ಗೆರೆಯಿಲ್ಲ. ಅಜ್ಜಿಯ ಹಲ್ಲು ನನ್ನನ್ನು ನೋಡಿ ಶಾಂತವಾಗಿ ನಗುತ್ತಿತ್ತು.

ಇಂಜಿನಿಯರ್ ಫೈಲು ತೆರೆದು, ಸ್ಥಳೀಯ ಯುವಕನೊಬ್ಬನ ಹೇಳಿಕೆಯನ್ನು ಪರಿಶೀಲಿಸಲಾಗಿ ಹುರುಳಿಲ್ಲವೆಂದು ಕಂಡುಬಂದಿದೆ ಎಂದು ಬರೆದು, ಗಟ್ಟಿಯಾಗಿ ಓದಿಯೂ ಹೇಳಿದರು. ಹಾಗಾದರೆ ಇವತ್ತು ಗುಂಯ್ ಯಾಕೆ ಬರಲಿಲ್ಲ ಎಂದು ಯಾರೋ ಕೇಳಿದರು. ಬೀಳುವ ಮುಂಚೆ ಕಟ್ಟಡ ಒಂದು ದಿನ ಉಸಿರು ಬಿಗಿಹಿಡಿಯುತ್ತದೆ ಎಂದು ಹೆಡ್‌ಮಾಸ್ತರು ವಿವರಿಸಿದರು. ಇದನ್ನು ಕೇಳಿ ಮೊದಲನೇ ಮಹಡಿಯವರು ಹಾಸಿಗೆ ತರಲು ಕೂಡ ಒಳಗೆ ಹೋಗಲಿಲ್ಲ.

ನಾನು ನೇರ ಮೇಸ್ತ್ರಿ ಮನೆಗೆ ಹೋದೆ. ಕಪ್ಪು ಕನ್ನಡಕ ಹಾಕಿ ಗೋಡೆಗೊರಗಿ ಕೂತಿದ್ದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ರಬ್ಬರ್ ಯಾಕೆ ಇಡ್ತಾರೆ ಗೊತ್ತೇನೋ? ಎಂಜಿನ್ ನಡುಕ ಎಂಜಿನ್ನಲ್ಲೇ ಮುಗೀಲಿ ಅಂತ. ಅದನ್ನ ಅಲ್ಲಾಡದ ಹಾಗೆ ಕಟ್ಟಿಹಾಕಿದ್ರೆ ಅದರ ಬದಲು ಇನ್ಯಾರೋ ಅಲ್ಲಾಡಬೇಕು. ಈಗ ಯಾರು ಅಲ್ಲಾಡ್ತಿದಾರೆ?"

"ನಾಲ್ಕು ಸಂಸಾರ, ಒಬ್ಬರು ಇಂಜಿನಿಯರ್," ಅಂದೆ.

ಶನಿವಾರ ಬೆಳಗ್ಗೆ ಹೆಂಡತಿಯ ಮಾತು ಮೀರಿ, ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದರು. ಅಷ್ಟು ಹೊತ್ತಿಗೆ ಗೇಟಿನ ಹತ್ತಿರ ಗಾಡಿ ನಿಂತಿತ್ತು. ಅಕ್ಕ ಕಾರಿನ ಹಿಂದಿದ್ದ ಸ್ಟ್ಯಾಂಡುಗಳನ್ನು ಹೊರಗೆ ಹಾಕಿಸಿ, ಮೆಷಿನ್ನುಗಳಿಗೆ ತನ್ನ ಹಳೆಯ ಸೀರೆ ಸುತ್ತುತ್ತಿದ್ದಳು. ಹೆಡ್‌ಮಾಸ್ತರು ರಸ್ತೆಯಾಚೆ ಎಲ್ಲರ ಹಾಜರಿ ಕರೆಯುತ್ತಿದ್ದರು. ಇಂಜಿನಿಯರ ಕೈಯಲ್ಲಿ ನಂಬರು ಬಿದ್ದ ನೋಟೀಸು, ಅಂಟಿನ ಡಬ್ಬಿ. ಹತ್ತಾಗಲು ಇಪ್ಪತ್ತು ನಿಮಿಷ.

ಮೇಸ್ತ್ರಿ ಬಗ್ಗುವ ಹಾಗಿರಲಿಲ್ಲ, ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ. ಕಾರಿನ ಸುತ್ತ ಅಂಗೈಯಿಂದ ಸವರುತ್ತ ಹೋದರು. ಬಾನೆಟ್ಟು, ಬಾಗಿಲು, ಡಿಕ್ಕಿ. ಹಿಂದಿನ ಕಬ್ಬಿಣದ ಗಾರ್ಡಿನ ಮೇಲೆ ಬೆರಳು ನಿಂತಿತು. ಉಗುರಿನಿಂದ ಕೆರೆದು, ಬೆರಳನ್ನು ನನ್ನ ಮುಖದ ಹತ್ತಿರ ಹಿಡಿದು ಯಾವ ಬಣ್ಣ ಎಂದು ಕೇಳಿದರು. ನೀಲಿ ಅಂದೆ. ಕಾರಿನಲ್ಲಿ ನೀಲಿ ಎಲ್ಲೂ ಇರಲಿಲ್ಲ. ಹಿಂದಿನ ಗೋಡೆಯಲ್ಲಿ ಇತ್ತು. ತಾರಸಿಯ ಟ್ಯಾಂಕಿನಿಂದ ಇಳಿದು, ಪ್ರತಿ ಮಹಡಿಯ ಅಡುಗೆಮನೆಗೂ ಒಂದೊಂದು ಕವಲು ಕೊಟ್ಟು, ನೆಲದವರೆಗೆ ಬಂದ ಹಳೆಯ ಕಬ್ಬಿಣದ ನೀರಿನ ಪೈಪು. ಮೊಣಕಾಲೆತ್ತರದಲ್ಲಿ ಅದರ ಬಣ್ಣ ಸವೆದು ಹೊಳೆಯುತ್ತಿತ್ತು.

"ಕಾರು ಹೆಂಗೆ ನಿಲ್ಲಿಸ್ತೀರಿ ಸಾಮಿ?" ಎಂದು ಭಾವನನ್ನು ಕೇಳಿದರು.

ಭಾವ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಜಾಗ ಇಕ್ಕಟ್ಟು, ಕುತ್ತಿಗೆ ತಿರುಗಿಸಿದರೆ ನೋವು. ಆದ್ದರಿಂದ ಮೆಲ್ಲಗೆ ಹಿಂದಕ್ಕೆ ಬಿಡುತ್ತ ಬರುವುದು, ಟಣ್ ಅಂದ ಕೂಡಲೇ ಅಲ್ಲಿಗೇ ನಿಲ್ಲಿಸುವುದು. ಮೂರು ತಿಂಗಳಲ್ಲಿ ಒಂದು ಸಲವೂ ಲೆಕ್ಕ ತಪ್ಪಿಲ್ಲ.

"ಹಂಗೇ ಒಂದ್ಸಲ ನಿಲ್ಲಿಸಿ."

ಟಣ್ ಅಂದಿತು. ಆಮೇಲೆ ಇಡೀ ಕಟ್ಟಡ ಗುಂಯ್ ಅಂದಿತು. ಕೊನೆಯ ಪಾತ್ರೆ ತರಲು ಮೇಲೆ ಹೋಗಿದ್ದ ಅಜ್ಜಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಂಬಿ ಹಿಡಿಯದೆ ಮೂರು ಮಹಡಿ ಇಳಿದು ಬಂದರು. ಹಾಜರಿ ಪುಸ್ತಕ ರಸ್ತೆಗೆ ಬಿತ್ತು. ಮೇಸ್ತ್ರಿ ಇಂಜಿನಿಯರ ಕೈಯನ್ನು, ತಪ್ಪಿಸಿಕೊಳ್ಳಲು ಬಿಡದೆ ಹಿಡಿದು, ಪೈಪಿನ ಮೇಲೆ ಒತ್ತಿದರು. ಇಂಜಿನಿಯರ ಕೆನ್ನೆ ಪೈಪಿನ ಜೊತೆ ತಾಳ ಹಾಕಿತು. ಕಾರು ಮುಂದೆ ಬಂತು, ಗುಂಯ್ ನಿಂತಿತು. ಹಿಂದೆ ಹೋಯಿತು, ಶುರುವಾಯಿತು. ಐದು ಸಲ ಹೀಗಾದ ಮೇಲೆ ಇಂಜಿನಿಯರ್, ಒಂದು ಸಲ ನಾನೇ ಬಿಟ್ಟು ನೋಡಲೇ ಎಂದು ಮೆಲ್ಲಗೆ ಕೇಳಿದರು.

ಹೆಡ್‌ಮಾಸ್ತರು ಕೆಮ್ಮಿ, ನನಗೆ ಮೊದಲಿಂದಲೂ ಪೈಪಿನ ಮೇಲೇ ಅನುಮಾನ ಇತ್ತು, ಆರನೇ ಅಂಶದಲ್ಲಿ ಸೂಚಿಸಿದ್ದೇನೆ ಅಂದರು. ಮೇಸ್ತ್ರಿ ನನ್ನ ಕಡೆಗೆ ತಿರುಗಿ, ಮಧ್ಯಾಹ್ನದೊಳಗೆ ಆ ಕಬ್ಬಿಣ ಬಿಚ್ಚಬೇಕು, ಮೂರೂ ಹೊಸ ರಬ್ಬರು, ಮೊದಲು ಎಣ್ಣೆ ಸೋರಿಕೆ, ಬೋಲ್ಟು ಬಿಗಿಯುವಾಗ ನಾನು ಪಕ್ಕದಲ್ಲಿ ಕೂತಿರುತ್ತೇನೆ ಅಂದರು. ಈ ಸಲ ನಾನು ಸ್ವಂತ ಬುದ್ಧಿ ಸೇರಿಸಲಿಲ್ಲ.

ಉಳಿದದ್ದು ನೋಟೀಸು. ಇಂಜಿನಿಯರ್ ಅಕ್ಕನ ಸ್ಟ್ಯಾಂಡಿನ ಮೇಲೆ ಕೂತು ಹಣೆ ಒರೆಸಿಕೊಂಡರು. ರಿಜಿಸ್ಟರಿನಲ್ಲಿ ನಂಬರು ಬಿದ್ದಿದೆ. ಅಂಟಿಸದೆ ವಾಪಸ್ ಒಯ್ದರೆ ಯಾಕೆ ಬರೆದೆ, ಏನು ನೋಡಿ ಬರೆದೆ ಎಂದು ವಿಚಾರಣೆ. ಈ ಆವರಣದಲ್ಲಿ ಎಲ್ಲಾದರೂ ಅಂಟಲೇಬೇಕು. ಅವರು ಪೆನ್ನು ತೆಗೆದು 'ಕಟ್ಟಡ' ಎಂಬುದನ್ನು ಹೊಡೆದು 'ಕಾರು' ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿ, ಕಾರಿನ ಮುಂದಿನ ಗಾಜಿಗೆ ಅಂಟು ಬಳಿದು ನೋಟೀಸನ್ನು ನಾಲ್ಕೂ ಮೂಲೆ ಒತ್ತಿ ಅಂಟಿಸಿದರು. ವಾಸಕ್ಕೆ ಯೋಗ್ಯವಲ್ಲ.

ಭಾವ ಇನ್ನೂ ಸ್ಟೇರಿಂಗ್ ಹಿಡಿದೇ ಕೂತಿದ್ದರು. ಕಾಗದದ ಹಿಂಬದಿ ಮಾತ್ರ ಅವರಿಗೆ ಕಾಣುತ್ತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಖಾಲಿ ಮಾಡಲು ಎಷ್ಟು ದಿನ ಕೊಟ್ಟಿದ್ದೀರಿ ಎಂದು ಕೇಳಿದರು. ನಿಯಮದ ಪ್ರಕಾರ ಮೂರು ದಿನ ಎಂದು ಇಂಜಿನಿಯರ್ ಹೇಳಿದರು.

ಅಕ್ಕ ಮೆಷಿನ್ನಿಗೆ ಸುತ್ತಿದ್ದ ಸೀರೆಯನ್ನು ಬಿಚ್ಚುತ್ತಿದ್ದಳು.

"ಮೂರು ದಿನ ಯಾಕೆ ಸಾರ್," ಅಂದಳು. "ಈಗಲೇ ಇಳೀಲಿ. ಇಳಿದು ಇದನ್ನ ಒಳಗೆ ಇಡಲಿ. ತೊಂಬತ್ತು ಬಾಕಿ ಇದೆ."

ಭಾವ ಇಳಿದರು. ಮೆಷಿನ್ನಿನ ಇನ್ನೊಂದು ತುದಿಯನ್ನು ನಾನು ಹಿಡಿದೆ.